ಒಲೆ ಆರಿದರೂ ಕಾವಲಿ ಬಿಸಿ

ಪ್ರಶ್ನೆ: ನಾನು 41 ವರ್ಷದ ಹೆಂಗಸು. ಬೆಳ್ಳಂದೂರಿನ ಹತ್ತಿರ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮನೆ ಬನಶಂಕರಿಯಲ್ಲಿ. ಹೋಗಿಬರುವುದು ಬಸ್ಸಿನಲ್ಲೇ. ಸಂಜೆ ಬಸ್ಸು ಹತ್ತಿದರೆ ಒಬ್ಬರು ಸ್ಪೀಕರ್ ಹಾಕಿ ರೀಲ್ಸ್ ನೋಡುತ್ತಿರುತ್ತಾರೆ, ಇನ್ನೊಬ್ಬರು ಇಡೀ ಬಸ್ಸಿಗೆ ಕೇಳುವ ಹಾಗೆ ಫೋನಿನಲ್ಲಿ ಮಾತಾಡುತ್ತಿರುತ್ತಾರೆ. ಆಫೀಸಿನಲ್ಲಿ ನನ್ನ ಬಾಸ್ ಇನ್ನೊಂದು ತಲೆನೋವು. ಸಂಜೆ 5.45ಕ್ಕೆ ಸರಿಯಾಗಿ ‘ಒಂದು ನಿಮಿಷ ಬನ್ನಿ’ ಎಂದು ಕರೆದು ಕೆಲಸ ಹಚ್ಚುತ್ತಾರೆ. ತಪ್ಪಾದರೆ ಎಲ್ಲರ ಮುಂದೆ ‘ಇಷ್ಟು ವರ್ಷ ಏನು ಕಲಿತಿರಿ’ ಎನ್ನುತ್ತಾರೆ. ಸರಿಯಾದರೆ ತಾವೇ ಮಾಡಿದ್ದು ಎಂದು ಮೇಲಿನವರಿಗೆ ತೋರಿಸುತ್ತಾರೆ. ಬಸ್ಸಿನಲ್ಲಿದ್ದಾಗಲೂ ಅವರ ವಾಟ್ಸ್‌ಆ್ಯಪ್ ಮೆಸೇಜು ನಿಲ್ಲುವುದಿಲ್ಲ. ಕಳೆದ ವಾರ ಪಕ್ಕದಲ್ಲಿ ವಿಡಿಯೋ ನೋಡುತ್ತಿದ್ದ ಕಾಲೇಜು ಹುಡುಗನ ಮೇಲೆ ಕಿರುಚಿಬಿಟ್ಟೆ. ಇಡೀ ಬಸ್ಸು ತಿರುಗಿ ನೋಡಿತು. ಮನೆಗೆ ಬಂದ ಮೇಲೆ ಟಿವಿ ಸೌಂಡ್ ಜಾಸ್ತಿ ಇಟ್ಟಿದ್ದಕ್ಕೆ ಮಗಳಿಗೂ ಬೈದೆ. ಅವಳು ಏನೂ ಮಾತಾಡದೆ ಎದ್ದು ರೂಮಿಗೆ ಹೋದಳು. ನಾನು ಹೀಗಿರಲಿಲ್ಲ. ನನಗೆ ಕೋಪದ ಕಾಯಿಲೆ ಏನಾದರೂ ಬಂದಿದೆಯಾ? ಆ ಹುಡುಗನ ಹತ್ತಿರ ಕ್ಷಮೆ ಕೇಳಬೇಕಾ?

ಉತ್ತರ: ಮೊದಲು ಕಾಯಿಲೆಯ ಮಾತು. ನೀವು ಬರೆದಿರುವುದನ್ನು ಓದಿದರೆ ನನಗೆ ಹಾಗೆ ಅನ್ನಿಸಲಿಲ್ಲ. ಕೆಲವು ವಿಷಯಗಳನ್ನು ಒಮ್ಮೆ ಡಾಕ್ಟರ್ ಹತ್ತಿರ ತೋರಿಸಿಕೊಳ್ಳಬೇಕು, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಆದರೆ ನಿಮ್ಮ ಕೋಪಕ್ಕೆ ಕಾರಣವಿದೆ, ಆ ಕಾರಣ ನಿಜವಾದದ್ದು. ಕೋಪ ಹೋಗಿ ಬಿದ್ದ ಜಾಗ ಮಾತ್ರ ತಪ್ಪಾಯಿತು.

ನಮ್ಮ ಹಿರಿಯರು ಇದನ್ನು ಒಂದೇ ಸಾಲಿನಲ್ಲಿ ಹೇಳಿದ್ದಾರೆ: ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಅತ್ತೆಗೆ ತಿರುಗಿ ಮಾತಾಡಿದರೆ ಮನೆಯಲ್ಲಿ ಇರುವುದು ಕಷ್ಟ. ಬೆಕ್ಕು ತಿರುಗಿ ಮಾತಾಡುವುದಿಲ್ಲ. ಅಷ್ಟೇ ಲೆಕ್ಕ. 1939ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಇದನ್ನೇ ಸಿದ್ಧಾಂತವಾಗಿ ಬರೆದರು. ಅಡ್ಡಿಯಾದವನ ಮೇಲೆ ಕೋಪ ತೋರಿಸಲು ಹೆದರಿಕೆಯಾದರೆ ಅದು ಹೆದರಿಕೆ ಇಲ್ಲದ ಕಡೆ ಹರಿಯುತ್ತದೆ ಎಂದರು. ನಿಮ್ಮ ವಿಷಯದಲ್ಲಿ ಬಾಸ್‌ಗೆ ಹೇಳಬೇಕಾಗಿದ್ದ ಮಾತು ಆ ಹುಡುಗನಿಗೆ ಸಿಕ್ಕಿತು, ಉಳಿದದ್ದು ಮಗಳಿಗೆ ಸಿಕ್ಕಿತು.

ಹಾಗಾದರೆ ಬಸ್ಸಿನ ಗಲಾಟೆ ಬರೀ ನೆಪವಾ? ಇಲ್ಲ. ಇಲ್ಲೇ ತುಂಬಾ ಜನ ತಪ್ಪು ತಿಳಿಯುತ್ತಾರೆ. ‘ಬಸ್ಸು ಅಂದಮೇಲೆ ಸದ್ದು ಇರುತ್ತೆ, ಸ್ವಲ್ಪ ಸಹಿಸಿಕೊಳ್ಳಿ’ ಎಂದು ನಿಮಗೂ ಯಾರಾದರೂ ಹೇಳಿರಬಹುದು. ಸಹಿಸಿಕೊಳ್ಳುವುದು ಯಾಕೆ ಇಷ್ಟು ಕಷ್ಟ ಅನ್ನುವುದಕ್ಕೆ ಒಳ್ಳೆಯ ಅಧ್ಯಯನಗಳಿವೆ. ಅದರಲ್ಲಿ ಒಂದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಬಸ್ಸಿಗೂ ನಿಮ್ಮ ಬಾಸ್‌ಗೂ ಎರಡಕ್ಕೂ ಅದು ಹೊಂದುತ್ತದೆ.

1960ರ ದಶಕದ ಕೊನೆಯಲ್ಲಿ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ನಗರದ ಗದ್ದಲ ಮನುಷ್ಯನಿಗೆ ಏನು ಮಾಡುತ್ತದೆ ಎಂದು ನೋಡಲು ಹೊರಟರು. ಅವರು ಒಂದು ಟೇಪು ತಯಾರಿಸಿದರು. ಅದರಲ್ಲಿ ಸ್ಪ್ಯಾನಿಷ್ ಮಾತು, ಆರ್ಮೇನಿಯನ್ ಮಾತು, ಟೈಪ್‌ರೈಟರ್, ಲೆಕ್ಕದ ಮೆಶಿನ್, ಪ್ರತಿ ತೆಗೆಯುವ ಯಂತ್ರ, ಎಲ್ಲ ಒಂದರ ಮೇಲೊಂದು ಸೇರಿತ್ತು. ನಮ್ಮ ಸಂಜೆಯ ಬಸ್ಸಿನ ಹಾಗೆಯೇ ಅನ್ನಿ. ಇದನ್ನು ಜೋರಾಗಿ ಕೇಳಿಸುತ್ತಾ ಜನರಿಗೆ ಸಣ್ಣಪುಟ್ಟ ಕೆಲಸ ಕೊಟ್ಟರು. ಆಶ್ಚರ್ಯ ಅಂದರೆ ಗದ್ದಲ ಇದ್ದಾಗಲೂ ಜನ ಕೆಲಸ ಚೆನ್ನಾಗಿಯೇ ಮಾಡಿದರು. ತೊಂದರೆ ಕಾಣಿಸಿದ್ದು ಗದ್ದಲ ನಿಂತ ಮೇಲೆ. ಬಿಡಿಸಲಾಗದ ಒಗಟು ಕೊಟ್ಟಾಗ ಅವರು ಬೇಗ ಕೈಬಿಟ್ಟರು. ಓದಿ ತಪ್ಪು ಹುಡುಕುವ ಕೆಲಸದಲ್ಲಿ ಜಾಸ್ತಿ ತಪ್ಪು ಬಿಟ್ಟರು. ಅದರಲ್ಲೂ ಸದ್ದು ಯಾವಾಗ ಬರುತ್ತದೆ ಎಂದು ಗೊತ್ತಾಗದವರಿಗೆ ಹೆಚ್ಚು ತೊಂದರೆಯಾಯಿತು. ಗೊತ್ತಾದ ಹೊತ್ತಿಗೆ ಬರುವ ಸದ್ದು ಅಷ್ಟೇ ಜೋರಾಗಿದ್ದರೂ ಅಷ್ಟು ಕಾಡಲಿಲ್ಲ.

ನನಗೆ ಬಹಳ ಮುಖ್ಯ ಅನ್ನಿಸುವುದು ಇನ್ನೊಂದು ಭಾಗ. ಕೆಲವರಿಗೆ ಮಾತ್ರ ಒಂದು ಗುಂಡಿ ಕೊಟ್ಟಿದ್ದರು. ‘ತಡೆಯಲಾಗದಿದ್ದರೆ ಇದನ್ನು ಒತ್ತಿ, ಸದ್ದು ನಿಲ್ಲುತ್ತದೆ. ಆದರೆ ಆದಷ್ಟೂ ಒತ್ತದಿದ್ದರೆ ನಮಗೆ ಒಳ್ಳೆಯದು’ ಎಂಬ ಅರ್ಥದಲ್ಲಿ ಹೇಳಿದ್ದರು. ಹೆಚ್ಚಿನವರು ಒತ್ತಲಿಲ್ಲ. ಅಂದರೆ ಎಲ್ಲರೂ ಕೇಳಿದ್ದು ಅಷ್ಟೇ ಗದ್ದಲ. ಆದರೂ ಗುಂಡಿ ಇದ್ದವರು ಆಮೇಲೆ ಒಗಟಿನ ಮೇಲೆ ತುಂಬಾ ಹೊತ್ತು ಪ್ರಯತ್ನ ಮಾಡಿದರು. ಬೇಕಾದರೆ ನಿಲ್ಲಿಸಬಹುದು ಅನ್ನುವ ಧೈರ್ಯವೇ ಅರ್ಧ ಭಾರ ಇಳಿಸಿತ್ತು.

ಈಗ ನಿಮ್ಮ ದಿನ ನೋಡಿ. 5.45ರ ಆ ‘ಒಂದು ನಿಮಿಷ’ ಇವತ್ತು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಎಷ್ಟು ಹೊತ್ತಿನ ಕೆಲಸ ಗೊತ್ತಿಲ್ಲ. ಬೇಡ ಅನ್ನುವ ಹಾಗಿಲ್ಲ. ಬಸ್ಸು ಹತ್ತಿದರೆ ಮುಂದಿನ ರೀಲ್ಸ್ ಯಾವ ಸದ್ದಿನಲ್ಲಿ ಬರುತ್ತದೋ ಗೊತ್ತಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೋ ಗೊತ್ತಿಲ್ಲ. ಇಳಿದು ಹೋಗುವ ಹಾಗಿಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ನಿಮ್ಮ ಕೈಗೆ ಒಂದೂ ಗುಂಡಿ ಸಿಕ್ಕಿಲ್ಲ ಅಲ್ವಾ? ನಿಮ್ಮ ಕಿರಿಕಿರಿಯ ಬೇರು ಅಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ. ಹಾಗಾಗಿ ತಾಳ್ಮೆ ಬೆಳೆಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಒಂದೆರಡು ಗುಂಡಿ ಹುಡುಕೋಣ.

ಅದಕ್ಕೆ ಮೊದಲು ಇನ್ನೊಂದು ಮಾತು. ಬಾಸ್ ಬೈದಿದ್ದು ಸಂಜೆ ಆರಕ್ಕೆ, ನೀವು ಕಿರುಚಿದ್ದು ಏಳೂವರೆಗೆ ಇರಬಹುದು. ಒಂದೂವರೆ ಗಂಟೆ ಆದಮೇಲೂ ಕೋಪ ಹೇಗೆ ಉಳಿಯಿತು? ದೋಸೆ ಹೊಯ್ಯುವವರಿಗೆ ಇದು ಗೊತ್ತು. ಒಲೆ ಆರಿಸಿದರೂ ಕಾವಲಿ ತಣ್ಣಗಾಗಲು ಹೊತ್ತು ಬೇಕು. ಒಲೆ ಆರಿದೆ ಎಂದು ಕೈ ಇಟ್ಟರೆ ಸುಡುತ್ತದೆ. ಮೈಯೂ ಹಾಗೆಯೇ. ಬೈಗುಳ ಕೇಳಿದಾಗ ಎದೆ ಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳು ಹೆಚ್ಚಾಗುತ್ತವೆ. ಮನಸ್ಸು ‘ಸರಿ, ಮುಗಿಯಿತು’ ಎಂದುಕೊಂಡರೂ ಮೈ ಅಷ್ಟು ಬೇಗ ಇಳಿಯುವುದಿಲ್ಲ. ಡಾಲ್ಫ್ ಝಿಲ್‌ಮನ್ ಎಂಬ ಸಂಶೋಧಕರು 1970ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಹಿಂದಿನ ಘಟನೆಯ ಉಳಿದ ಕಾವು ಮುಂದಿನ ಘಟನೆಗೆ ಸೇರಿಕೊಳ್ಳುತ್ತದೆ. ಆಗ ನಾವು ಇಡೀ ಕಾವನ್ನು ಕಣ್ಣ ಮುಂದೆ ಇರುವವರ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಇನ್ನೂ ಒಂದು ಸಂಗತಿ: ನೀವು ಬಸ್ಸಿನಲ್ಲಿ ಬಾಸ್‌ನ ಮಾತನ್ನೇ ಮತ್ತೆ ಮತ್ತೆ ನೆನೆಸಿಕೊಂಡಿದ್ದರೆ, ಮಧ್ಯೆ ಅವರ ಮೆಸೇಜೂ ಬಂದಿದ್ದರೆ, ಒಲೆ ಆರಲೇ ಇಲ್ಲ.

ಇದು ನನಗೂ ಆಗಿದೆ. ನನ್ನ ಮೊದಲ ಕೆಲಸದಲ್ಲಿ ಒಬ್ಬ ಹಿರಿಯರು ಇದ್ದರು. ನಾನು ಬರೆದ ಟಿಪ್ಪಣಿಗಳನ್ನು ಬೇರೆಯವರ ಮುಂದೆ ಗಟ್ಟಿಯಾಗಿ ಓದಿ ತಪ್ಪು ಹೇಳುತ್ತಿದ್ದರು. ಒಂದು ಸಂಜೆ ಬಸ್ಸಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸಿನ ಜೊತೆ ಬುಟ್ಟಿ ಕಾಲಿಗೆ ತಾಗಿತೆಂದು ಜಗಳ ಮಾಡಿದೆ. ಅವರು ಏನೂ ಹೇಳದೆ ಬುಟ್ಟಿಯನ್ನು ತಮ್ಮ ತೊಡೆಯ ಮೇಲೆ ಎತ್ತಿಕೊಂಡರು. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ. ನಿಮ್ಮ ನಾಚಿಕೆ ನನಗೆ ಅರ್ಥವಾಗುತ್ತದೆ.

ಈಗ ಬಸ್ಸಿನ ವಿಷಯ.

ಬಸ್ಸಿನಲ್ಲಿ ಎಂಜಿನ್ ಸದ್ದೂ ಇದೆ, ಹಾರ್ನ್ ಸದ್ದೂ ಇದೆ. ಅದಕ್ಕೆ ನಿಮಗೆ ಅಷ್ಟು ಕೋಪ ಬರುವುದಿಲ್ಲ. ಫೋನಿನ ಮಾತಿಗೆ ಬರುತ್ತದೆ. ಇದಕ್ಕೂ ಕಾರಣವಿದೆ. ಒಂದೇ ಸಮನೆ ಇರುವ ಸದ್ದನ್ನು ಮಿದುಳು ಹಿಂದಕ್ಕೆ ತಳ್ಳುತ್ತದೆ. ಮಾತನ್ನು ತಳ್ಳುವುದು ಕಷ್ಟ. ಅದರಲ್ಲೂ ಅರ್ಧ ಮಾತು ಇನ್ನೂ ಕಷ್ಟ. 2010ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲಾರೆನ್ ಎಂಬರ್ಸನ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿದರು. ಇಬ್ಬರ ಪೂರ್ತಿ ಮಾತುಕತೆ ಕೇಳಿಸಿಕೊಂಡವರಿಗಿಂತ ಒಬ್ಬರ ಕಡೆಯ ಮಾತು ಮಾತ್ರ ಕೇಳಿಸಿಕೊಂಡವರ ಗಮನ ಜಾಸ್ತಿ ಕದಡಿತು. ‘ಹೌದಾ? ಆಮೇಲೆ? ಅವಳು ಏನಂದಳು?’ ಎಂದು ಪಕ್ಕದವರು ಅಂದರೆ, ಆ ಕಡೆಯವರು ಏನಂದರು ಎಂದು ನಿಮ್ಮ ತಲೆ ತಾನಾಗಿಯೇ ಊಹಿಸುತ್ತದೆ. ನಿಮಗೆ ಬೇಡವಾದರೂ ಊಹಿಸುತ್ತದೆ. ಹಾಗಾಗಿ ‘ಕೇಳಿಸಿಕೊಳ್ಳಬೇಡಿ’ ಅನ್ನುವ ಸಲಹೆ ಉಪಯೋಗಕ್ಕೆ ಬರುವುದಿಲ್ಲ.

ನಿಮ್ಮ ಕೈಯಲ್ಲಿ ಇರುವುದು ಎಲ್ಲಿ ಕೂರುವುದು, ಕಿವಿಗೆ ಏನು ಹಾಕಿಕೊಳ್ಳುವುದು, ಯಾವಾಗ ಬಾಯಿ ಬಿಡುವುದು. ಸೀಟು ಸಿಗುವುದೇ ಕಷ್ಟ ಎಂದು ಗೊತ್ತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರ ಓಡಾಟ ಹೆಚ್ಚಾಗಿದೆ. ಅದು ಸಂತೋಷದ ಸಂಗತಿಯೇ. ಆದರೆ ಸಂಜೆ ಹೊತ್ತು ನಿಲ್ಲುವುದಕ್ಕೂ ಜಾಗ ಸಾಲುವುದಿಲ್ಲ. ಆಯ್ಕೆ ಸಿಕ್ಕ ದಿನ ಎಂಜಿನ್‌ಗೆ ಹತ್ತಿರದ ಸೀಟು ಹಿಡಿಯಿರಿ. ಎಂಜಿನ್ ಮುಂದೆ ಇರುವ ಬಸ್ಸಿನಲ್ಲಿ ಮುಂದೆ, ವೋಲ್ವೋದಂಥ ಬಸ್ಸಿನಲ್ಲಿ ಹಿಂದೆ. ಕೇಳಿದರೆ ವಿಚಿತ್ರ ಅನ್ನಿಸಬಹುದು. ಆದರೆ ಆ ಗುರ್ ಎನ್ನುವ ಸದ್ದು ಪಕ್ಕದವರ ಮಾತನ್ನು ಮುಚ್ಚುತ್ತದೆ, ಶಬ್ದಗಳು ಬಿಡಿಬಿಡಿಯಾಗಿ ಕಿವಿಗೆ ಬೀಳುವುದಿಲ್ಲ.

ಕಿವಿಗೆ ಹಾಕುವ ಸ್ಪಂಜಿನ ಇಯರ್‌ಪ್ಲಗ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ ಕಿವಿಯೊಳಗೆ ಇಟ್ಟು, ಅದು ಉಬ್ಬುವವರೆಗೆ ಬೆರಳು ಒತ್ತಿ ಹಿಡಿಯಬೇಕು. ಸುಮ್ನೆ ತುರುಕಿದರೆ ಏನೂ ತಡೆಯುವುದಿಲ್ಲ. ಸದ್ದು ಅಳಿಸುವ ದುಬಾರಿ ಹೆಡ್‌ಫೋನ್ ಕೊಳ್ಳುವ ಯೋಚನೆ ಇದ್ದರೆ ಒಂದು ವಿಷಯ ತಿಳಿದಿರಲಿ. ಅವು ಎಂಜಿನ್‌ನ ಗುರ್ ಸದ್ದನ್ನು ಚೆನ್ನಾಗಿ ಅಳಿಸುತ್ತವೆ, ಮಾತನ್ನು ಅಷ್ಟು ಅಳಿಸುವುದಿಲ್ಲ. ಗದ್ದಲ ಮುಚ್ಚಲು ಹಾಡನ್ನು ಜೋರು ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು ಏರಿದಷ್ಟೂ ಆ ಗಂಟೆಗಳು ಬೇಗ ಮುಗಿಯುತ್ತವೆ. ಮಳೆಯ ಸದ್ದಿನ ಹಾಗೆ ಒಂದೇ ಸಮನೆ ಇರುವುದನ್ನು ಮೆಲ್ಲಗೆ ಇಟ್ಟುಕೊಂಡರೂ ಸಾಕು. ಇಳಿಯುವ ಸ್ಟಾಪಿಗೆ ಮೊದಲೇ ಎರಡೂ ಕಿವಿಯಿಂದ ತೆಗೆದುಬಿಡಿ, ರಸ್ತೆ ದಾಟಬೇಕು.

ಸದ್ದು ಕಡಿಮೆ ಮಾಡಿ ಎಂದು ಪಕ್ಕದವರನ್ನು ಕೇಳುವ ವಿಷಯಕ್ಕೆ ಬರೋಣ. ನೀವು ಆ ಹುಡುಗನಿಗೆ ಮೊದಲೇ ಒಂದು ಮಾತು ಹೇಳಿದ್ದಿರಾ? ಪತ್ರದಲ್ಲಿ ಬರೆದಿಲ್ಲ. ಹೇಳಿರಲಿಕ್ಕಿಲ್ಲ ಎಂದು ನನ್ನ ಊಹೆ. ನಮ್ಮಲ್ಲಿ ಹೆಚ್ಚಿನವರು ಹೀಗೇ. ಇಪ್ಪತ್ತು ನಿಮಿಷ ಹಲ್ಲು ಕಚ್ಚಿ ಕೂರುತ್ತೇವೆ. ಒಳಗೊಳಗೇ ‘ಸ್ವಲ್ಪವೂ ಬುದ್ಧಿ ಇಲ್ಲವಾ’ ಎಂದು ಬೈಯುತ್ತೇವೆ. ಆಮೇಲೆ ಒಮ್ಮೆಲೇ ಸಿಡಿಯುತ್ತೇವೆ. ಎದುರಿನವರಿಗೆ ಆ ಇಪ್ಪತ್ತು ನಿಮಿಷ ಗೊತ್ತೇ ಇರುವುದಿಲ್ಲ. ಅವರಿಗೆ ಕಾಣುವುದು ಸುಮ್ನೆ ಕೂತಿದ್ದವರು ಏಕಾಏಕಿ ಕಿರುಚಿದ್ದು ಮಾತ್ರ. ಅದಕ್ಕೇ ಮೊದಲ ಎರಡು ನಿಮಿಷದಲ್ಲೇ, ಕಾವು ಏರುವ ಮೊದಲೇ ಕೇಳಿಬಿಡಿ. ಅವರತ್ತ ಸ್ವಲ್ಪ ಬಾಗಿ, ಅವರಿಗೆ ಮಾತ್ರ ಕೇಳುವ ಹಾಗೆ, ‘ಸ್ವಲ್ಪ ಸೌಂಡ್ ಕಡಿಮೆ ಮಾಡ್ತೀರಾ? ತಲೆ ನೋಯ್ತಿದೆ’ ಎನ್ನಿ. ‘ಇದು ನಿಮ್ಮ ಮನೆಯಾ’, ‘ಈಗಿನ ಹುಡುಗರಿಗೆ’ ಎಂಬ ಮಾತು ಬೇಡ. ನಾಲ್ಕು ಜನರ ಮುಂದೆ ಹೇಳಿಸಿಕೊಂಡರೆ ತಗ್ಗಿಸಬೇಕು ಎಂದುಕೊಂಡವನೂ ಹಠಕ್ಕೆ ಬೀಳುತ್ತಾನೆ. ಎಲ್ಲರ ಮುಂದೆ ಹೇಳಿಸಿಕೊಳ್ಳುವುದು ಹೇಗಿರುತ್ತದೆ ಎಂದು ನಿಮಗೆ ಗೊತ್ತಿದೆಯಲ್ಲ. ಕಡಿಮೆ ಮಾಡಿದರೆ ‘ಥ್ಯಾಂಕ್ಸ್ ಅಪ್ಪಾ’ ಎನ್ನಿ. ನಾಳೆಯೂ ಅದೇ ಬಸ್ಸು, ಅದೇ ಜನ.

ಕೇಳಲಿಲ್ಲ ಅಂದರೆ ಕಂಡಕ್ಟರ್‌ಗೆ ಹೇಳಿ. ಇದು ನಿಮ್ಮೊಬ್ಬರ ಕಿರಿಕಿರಿ ಎಂದು ಹಿಂಜರಿಯಬೇಡಿ. 2021ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನಿರ್ದೇಶನ ಬಂದ ಮೇಲೆ ಕೆಎಸ್‌ಆರ್‌ಟಿಸಿ ತನ್ನ ಬಸ್ಸುಗಳಲ್ಲಿ ಮೊಬೈಲ್ ಸ್ಪೀಕರ್ ಹಾಕಿ ಹಾಡು, ವಿಡಿಯೋ ಕೇಳುವುದನ್ನು ನಿಷೇಧಿಸಿತು. ಮೊದಲು ವಿನಂತಿ ಮಾಡಬೇಕು, ಒಪ್ಪದಿದ್ದರೆ ಇಳಿಸಬಹುದು ಎಂಬ ಸೂಚನೆ ಅದರಲ್ಲಿತ್ತು. ನಗರದ ಬಸ್ಸಿನಲ್ಲಿ ಕಂಡಕ್ಟರ್‌ಗೆ ಟಿಕೆಟ್ ಕೊಡುವುದರಲ್ಲೇ ಉಸಿರಾಡಲು ಹೊತ್ತಿರುವುದಿಲ್ಲ. ಆದರೂ ‘ಫೋನ್ ಸೌಂಡ್ ಕಡಿಮೆ ಮಾಡ್ರೀ’ ಎಂದು ಒಂದು ಸಲ ಕೂಗಿದರೆ ಕೆಲಸ ಆಗುತ್ತದೆ. ಕಂಡಕ್ಟರ್ ಹೇಳಿದ್ದು ನಿಯಮ ಅನ್ನಿಸುತ್ತದೆ, ನೀವು ಹೇಳಿದ್ದು ಜಗಳ ಅನ್ನಿಸುತ್ತದೆ. ಹೇಳುವುದಕ್ಕೆ ಒಂದು ದಾರಿ ಇದೆ ಎಂದು ಗೊತ್ತಿದ್ದರೆ ಅದೇ ಒಂದು ಗುಂಡಿ.

ಒಂದು ಮಾತು ಸೇರಿಸಲೇಬೇಕು. ಬಸ್ಸಿನಲ್ಲಿ ಗಟ್ಟಿಯಾಗಿ ಮಾತಾಡುವವರೆಲ್ಲ ದುರಹಂಕಾರಿಗಳಲ್ಲ. ಸಲಹೆಗೆಂದು ನನ್ನ ಹತ್ತಿರ ಬರುವ ಎಷ್ಟೋ ಹೆಂಗಸರು ತಾಯಿಯ ಜೊತೆ ಮಾತಾಡುವುದೇ ಬಸ್ಸಿನಲ್ಲಿ. ಮನೆಯಲ್ಲಿ ಮಾತಾಡಿದರೆ ಯಾರಾದರೂ ಕಿವಿಗೊಟ್ಟಿರುತ್ತಾರೆ. ಕೆಲಸದ ಜಾಗದಲ್ಲಿ ಫೋನ್ ಮುಟ್ಟುವ ಹಾಗಿಲ್ಲ. ಅವರಿಗೆ ಬಸ್ಸಿನ ಆ ಒಂದು ಗಂಟೆಯೇ ತಮ್ಮದು. ಕೆಲವರಿಗೆ ಕಿವಿ ಮಂದ, ತಮ್ಮ ದನಿ ಎಷ್ಟಿದೆ ಎಂದೇ ತಿಳಿಯುವುದಿಲ್ಲ. ನಿಮಗೂ ಆ ಒಂದು ಗಂಟೆ ಬೇಕು, ಅವರಿಗೂ ಬೇಕು. ಇದನ್ನು ನೆನೆದರೆ ಸದ್ದು ಕಡಿಮೆಯಾಗುವುದಿಲ್ಲ, ಆದರೆ ಕೇಳುವಾಗ ನಿಮ್ಮ ದನಿ ಮೆತ್ತಗಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಬಾಸ್‌ನ ವಿಷಯ ಮುಟ್ಟದೆ ಇದ್ದರೆ ನಾಲ್ಕು ದಿನದಲ್ಲಿ ಮತ್ತೆ ಅಲ್ಲಿಗೇ ಬರುತ್ತೀರಿ. ಬಿಸಿ ಬರುತ್ತಿರುವುದು ಆ ಒಲೆಯಿಂದ.

ಕಟ್ಟುನಿಟ್ಟಿನ ಬಾಸ್ ಬೇರೆ, ಕೆಟ್ಟ ಬಾಸ್ ಬೇರೆ. ಕಟ್ಟುನಿಟ್ಟಿನವರು ಕೆಲಸವನ್ನು ಬೈಯುತ್ತಾರೆ: ‘ಈ ಲೆಕ್ಕದಲ್ಲಿ ಜಿಎಸ್‌ಟಿ ತಪ್ಪಿದೆ, ಸರಿಮಾಡಿ.’ ಕೆಟ್ಟವರು ಮನುಷ್ಯನನ್ನು ಬೈಯುತ್ತಾರೆ: ‘ಇಷ್ಟು ವರ್ಷ ಏನು ಕಲಿತಿರಿ.’ ಅದೂ ಎಲ್ಲರ ಮುಂದೆ. ಅದೂ ಮತ್ತೆ ಮತ್ತೆ. ನೀವು ಬರೆದಿರುವುದು ಎರಡನೆಯ ತರಹದ್ದು. ಇದಕ್ಕೆ ‘ನಾನೇ ಸೂಕ್ಷ್ಮವಾಗಿದ್ದೀನೇನೋ’ ಎಂದುಕೊಳ್ಳಬೇಡಿ. ಲಂಡನ್ನಿನಲ್ಲಿ 1985ರಲ್ಲಿ ಶುರುವಾದ ‘ವೈಟ್‌ಹಾಲ್ 2’ ಅಧ್ಯಯನ 10,000ಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ತಮ್ಮ ಕೆಲಸದ ಮೇಲೆ ತಮಗೆ ಹಿಡಿತವೇ ಇಲ್ಲದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಮತ್ತೆ ಅದೇ ಗುಂಡಿಯ ವಿಷಯ ನೋಡಿ.

5.45ರಿಂದ ಶುರು ಮಾಡೋಣ. ‘ಆಗಲ್ಲ’ ಎನ್ನುವುದು ನಿಮಗೆ ಕಷ್ಟ, ಅವರಿಗೂ ಅದು ಸವಾಲಿನ ಹಾಗೆ ಕೇಳುತ್ತದೆ. ಬದಲಿಗೆ ಹೊತ್ತು ಕೇಳಿ: ‘ಸರ್, ಇದು ಇವತ್ತೇ ಬೇಕಾ? ನಾಳೆ 11 ಗಂಟೆಗೆ ಕೊಟ್ಟರೆ ನಡೆಯುತ್ತಾ?’ ಇವತ್ತೇ ಬೇಕು ಎಂದರೆ, ‘ಆಗಲಿ. ಹಾಗಾದರೆ ಬೆಳಗ್ಗೆ ಕೊಡಬೇಕಾದ ರಿಪೋರ್ಟು ಮಧ್ಯಾಹ್ನಕ್ಕೆ ಹೋಗುತ್ತದೆ, ಪರವಾಗಿಲ್ಲವಾ?’ ಎನ್ನಿ. ಯಾವುದು ಮೊದಲು ಎನ್ನುವುದನ್ನು ಅವರ ಬಾಯಲ್ಲೇ ಹೇಳಿಸಿ. ಇನ್ನೊಂದು ದಾರಿ ನನಗೆ ಇನ್ನೂ ಇಷ್ಟ. ನೀವೇ 4.30ಕ್ಕೆ ಅವರ ಹತ್ತಿರ ಹೋಗಿ: ‘ಇವತ್ತು ಮುಗಿಸಬೇಕಾದ್ದು ಇನ್ನೇನಾದರೂ ಇದೆಯಾ ಸರ್?’ ಒಂದೆರಡು ವಾರ ಬಿಡದೆ ಮಾಡಿ. ಹೇಗೂ ಬರುವ ಕೆಲಸ ನೀವು ಕರೆದ ಹೊತ್ತಿಗೆ ಬಂದರೆ ಅದರ ಭಾರವೇ ಬೇರೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ ಇರುವ ನಮ್ಮ ರಾಜ್ಯದ 1961ರ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಇದೆ. ಮ್ಯಾನೇಜರ್ ಹುದ್ದೆಯವರಿಗೆ ಅದು ಅನ್ವಯಿಸುವುದಿಲ್ಲ. ನೀವು ಯಾವ ಕಡೆ ಬರುತ್ತೀರಿ ಎಂದು ನಿಮ್ಮ ನೇಮಕದ ಪತ್ರ ತೆಗೆದು ಒಮ್ಮೆ ಓದಿ.

ಬಸ್ಸಿನ ಹೊತ್ತಿನ ಮೆಸೇಜಿಗೆ ಒಂದು ಸಾಲು ಸಾಕು: ‘ಸಂಜೆ 6ರಿಂದ 8 ಬಸ್ಸಿನಲ್ಲಿರುತ್ತೇನೆ, 8ಕ್ಕೆ ನೋಡಿ ಉತ್ತರಿಸುತ್ತೇನೆ. ತುರ್ತಾದರೆ ಫೋನ್ ಮಾಡಿ.’ ಆಮೇಲೆ ಅವರ ಮೆಸೇಜನ್ನು ಮ್ಯೂಟ್ ಮಾಡಿ. ತುರ್ತಾದರೆ ಫೋನ್ ಮಾಡಿ ಎನ್ನುವ ಮಾತು ಮುಖ್ಯ. ಮೆಸೇಜು ಕಳಿಸುವುದು ಸುಲಭ, ಫೋನ್ ಮಾಡಲು ಕಾರಣ ಬೇಕು. ಈಗ ನಿಮ್ಮ ಬಾಸ್ ದಿನಾ ನಿಮ್ಮ ಜೊತೆ ಬಸ್ಸು ಹತ್ತುತ್ತಿದ್ದಾರೆ. ಅವರನ್ನು ಆಫೀಸಿನಲ್ಲೇ ಇಳಿಸಿ ಬನ್ನಿ.

ಎಲ್ಲರ ಮುಂದೆ ಬೈಯುವುದರ ಬಗ್ಗೆ ಅವರ ಹತ್ತಿರ ಒಂದು ಸಲ ಮಾತಾಡಲೇಬೇಕು. ಬೈದ ದಿನವೇ ಬೇಡ, ಕಾವಲಿ ಬಿಸಿ ಇರುತ್ತದೆ. ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನಗಳೂ ಬೇಡ. ತಿಂಗಳ ಮಧ್ಯದ ಒಂದು ಬೆಳಗ್ಗೆ, ಅವರೊಬ್ಬರೇ ಇರುವಾಗ, ಹತ್ತು ನಿಮಿಷ ಕೇಳಿ. ಒಂದೇ ಘಟನೆ ಹೇಳಿ. ‘ನೀವು ಯಾವಾಗಲೂ ಹೀಗೇ’ ಎಂದರೆ ಅವರು ‘ಯಾವಾಗ? ತೋರಿಸಿ’ ಎನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ‘ಸರ್, ಬುಧವಾರ ಮೀಟಿಂಗಿನಲ್ಲಿ ನನ್ನ ತಪ್ಪು ಹೇಳಿದಿರಿ. ತಪ್ಪು ನನ್ನದೇ, ಸರಿಮಾಡಿದ್ದೇನೆ. ಆದರೆ ಎಲ್ಲರ ಮುಂದೆ ಹಾಗೆ ಹೇಳಿದ್ದು ನನಗೆ ನೋವಾಯಿತು. ಇನ್ನು ಮುಂದೆ ಒಬ್ಬಳನ್ನೇ ಕರೆದು ಹೇಳಿ, ಆವತ್ತೇ ಸರಿಮಾಡಿ ಕೊಡುತ್ತೇನೆ.’ ಇಷ್ಟೇ. ಮನೆಯಲ್ಲಿ ಕನ್ನಡಿ ಮುಂದೆ ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿ. ಬಾಯಿಗೆ ಅಭ್ಯಾಸವಾದ ಮಾತು ಎದೆ ಬಡಿಯುವಾಗಲೂ ಬರುತ್ತದೆ.

ಬದಲಾಗುತ್ತಾರಾ? ಕೆಲವರು ಬದಲಾಗುತ್ತಾರೆ. ಅವರಿಗೆ ತಮ್ಮ ಮಾತು ಹೇಗೆ ಕೇಳುತ್ತದೆ ಎಂದು ಯಾರೂ ಹೇಳಿರುವುದೇ ಇಲ್ಲ. ಕೆಲವರು ಇನ್ನೂ ಜಾಸ್ತಿ ಮಾಡುತ್ತಾರೆ. ಅದಕ್ಕೇ ಇವತ್ತಿನಿಂದಲೇ ಒಂದು ಸಣ್ಣ ಪುಸ್ತಕದಲ್ಲಿ ಬರೆಯಿರಿ: ತಾರೀಖು, ಹೊತ್ತು, ಅವರು ಆಡಿದ ಮಾತು ಇದ್ದ ಹಾಗೆ, ಯಾರು ಇದ್ದರು. ನಿಮ್ಮ ಅಭಿಪ್ರಾಯ ಬೇಡ. ಪುಸ್ತಕ ಮನೆಯಲ್ಲಿರಲಿ, ಆಫೀಸಿನ ಕಂಪ್ಯೂಟರಿನಲ್ಲಿ ಬೇಡ. ನೀವು ಮಾಡಿದ ಕೆಲಸವನ್ನು ಮೇಲ್‌ನಲ್ಲಿ ಕಳಿಸುವಾಗ ಅದಕ್ಕೆ ಸಂಬಂಧಪಟ್ಟವರನ್ನೂ ಸೇರಿಸಿ. ಯಾರು ಮಾಡಿದ್ದು ಎಂದು ಕಾಗದ ತಾನೇ ಹೇಳುತ್ತದೆ. ಮುಂದೆ ಎಚ್‌ಆರ್ ಹತ್ತಿರ ಹೋಗಬೇಕಾದರೆ ಆ ಪುಸ್ತಕವೇ ನಿಮ್ಮ ಬಲ. ಎಚ್‌ಆರ್ ಕೆಲಸ ಮಾಡುವುದು ಕಂಪನಿಗಾಗಿ, ಇದನ್ನು ನೆನಪಿಟ್ಟುಕೊಂಡು ಮಾತಾಡಿ. 20 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಸಂಸ್ಥೆಯಲ್ಲಿ ಕುಂದುಕೊರತೆ ಸಮಿತಿ ಇರಬೇಕು ಎಂದು ಕಾರ್ಮಿಕ ಕಾನೂನು ಹೇಳುತ್ತದೆ. ನಿಮ್ಮಲ್ಲಿ ಇದೆಯಾ, ನಿಮ್ಮ ಹುದ್ದೆ ಅದರಲ್ಲಿ ಬರುತ್ತದೆಯಾ ಎಂದು ಕೇಳಿ. ಇನ್ನು, ಅವರ ಮಾತು ಎಂದಾದರೂ ನಿಮ್ಮ ಮೈ, ಉಡುಪು, ಹೆಣ್ಣುತನದ ಕಡೆ ತಿರುಗಿದರೆ ಅದು ಬೇರೆಯೇ ದಾರಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಘಟನೆಯಾದ 3 ತಿಂಗಳೊಳಗೆ ದೂರು ಬರೆದು ಕೊಡಬೇಕು. ಆಗ ಒಂದು ದಿನವೂ ತಡಮಾಡಬೇಡಿ.

ಇದೆಲ್ಲ ನಡೆಯುತ್ತಿರುವಾಗಲೇ ನಿಮ್ಮ ಬಯೋಡೇಟಾ ಸರಿಮಾಡಿ ಇಟ್ಟುಕೊಳ್ಳಿ. ಕೆಲಸ ಬಿಡಿ ಎಂದು ನಾನು ಹೇಳುತ್ತಿಲ್ಲ. ಇಎಂಐ ಇರಬಹುದು, ಮಗಳ ಫೀಸು ಇದೆ. ಆದರೆ ಹಳೆಯ ಜೊತೆಗಾರರಿಗೆ ಒಂದು ಫೋನ್ ಮಾಡಿ. ಮೂರು ತಿಂಗಳ ಖರ್ಚಿನಷ್ಟು ದುಡ್ಡು ಬೇರೆಯಾಗಿ ಸೇರಿಸಲು ಶುರು ಮಾಡಿ. ನೋಟಿಸ್ ಪೀರಿಯಡ್ ಎಷ್ಟು ಎಂದು ನೋಡಿಕೊಳ್ಳಿ. ಆ ಪ್ರಯೋಗದಲ್ಲಿ ಹೆಚ್ಚಿನವರು ಗುಂಡಿ ಒತ್ತಲೇ ಇಲ್ಲ, ನೆನಪಿದೆಯಲ್ಲ? ಹಾಗೆ ನೀವೂ ಒತ್ತದೇ ಇರಬಹುದು. ಬೇಕಾದರೆ ಹೊರಡಬಹುದು ಎಂದು ಗೊತ್ತಿರುವ ಹೆಂಗಸು ಅದೇ ಬೈಗುಳವನ್ನು ಬೇರೆ ತರಹ ಕೇಳಿಸಿಕೊಳ್ಳುತ್ತಾಳೆ. ನನ್ನ ಕೋಣೆಯಲ್ಲಿ ಕೂತವರಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಕೋಪವನ್ನು ಹೊರಹಾಕಿದರೆ ಹಗುರಾಗುತ್ತದೆ, ದಿಂಬಿಗೆ ಗುದ್ದಿ ಎಂದು ಕೆಲವರು ಹೇಳುತ್ತಾರೆ. ಮಾಡಬೇಡಿ. 2002ರಲ್ಲಿ ಬ್ರಾಡ್ ಬುಶ್‌ಮನ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಬೈದವರನ್ನು ನೆನೆಯುತ್ತಾ ಚೀಲಕ್ಕೆ ಗುದ್ದಿದವರ ಕೋಪವೇ ಎಲ್ಲರಿಗಿಂತ ಜಾಸ್ತಿ ಇತ್ತು. ಸುಮ್ಮನೆ ಕೂತವರು ಅವರಿಗಿಂತ ತಣ್ಣಗಿದ್ದರು. ಕಾವಲಿಗೆ ಬೇಕಾದ್ದು ಹೊತ್ತು. ಆಫೀಸಿನಿಂದ ಸ್ಟಾಪಿಗೆ ನಡೆಯುವಾಗ, ಆಮೇಲೆ ಬಸ್ಸಿನಲ್ಲಿ ಮೊದಲ ಐದು ನಿಮಿಷ, ಉಸಿರನ್ನು ಒಳಗೆ ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನ ಮಾಡಿ. ನಿಮಿಷಕ್ಕೆ ಆರು ಉಸಿರಿನ ಹತ್ತಿರ ಬಂದರೆ ಎದೆ ಬಡಿತ ಇಳಿಯುವುದು ನಿಮಗೇ ಗೊತ್ತಾಗುತ್ತದೆ. ಒಳಗೇ ಒಂದು ಸಾಲು ಹೇಳಿಕೊಳ್ಳಿ: ‘ಈ ಕೋಪ 5.45ರದ್ದು.’ ಕೋಪಕ್ಕೆ ವಿಳಾಸ ಬರೆದಿಟ್ಟರೆ ಅದು ಪಕ್ಕದ ಸೀಟಿಗೆ ಹೋಗುವುದು ಕಡಿಮೆ.

ಮಗಳ ವಿಷಯ ನನಗೆ ಬಸ್ಸಿಗಿಂತ ಮುಖ್ಯ. ಅವಳ ವಯಸ್ಸು ನೀವು ಬರೆದಿಲ್ಲ. ಎಷ್ಟೇ ಆಗಿರಲಿ, ಅವಳ ಹತ್ತಿರ ಕೂತು ಹೇಳಿ: ‘ಆವತ್ತು ಟಿವಿಗೆ ಬೈದಿದ್ದು ನಿನ್ನ ತಪ್ಪಿಗಲ್ಲ. ಆಫೀಸಿನಲ್ಲಿ ಒಬ್ಬರು ನನಗೆ ಬೈದಿದ್ದರು, ಆ ಕೋಪ ನಿನ್ನ ಮೇಲೆ ಬಂತು. ನನ್ನದು ತಪ್ಪಾಯಿತು.’ ಮಕ್ಕಳು ಅಮ್ಮನ ಮುಖ ಕೆಂಪಾಗಿದ್ದರೆ ಕಾರಣ ತಾವೇ ಎಂದುಕೊಳ್ಳುತ್ತಾರೆ. ಅದನ್ನು ಬಿಡಿಸಬೇಕು. ಮುಂದೆ ಬಿಸಿ ಇರುವ ದಿನ ಬಾಗಿಲಲ್ಲೇ ‘ಇವತ್ತು ನನಗೆ ಹತ್ತು ನಿಮಿಷ ಕೊಡು, ಮುಖ ತೊಳೆದು ಬರುತ್ತೇನೆ’ ಎನ್ನಿ. ಆ ಹತ್ತು ನಿಮಿಷ ಆದಮೇಲೆ ಖಂಡಿತ ಬನ್ನಿ.

ಡಾಕ್ಟರ್ ಹತ್ತಿರ ಯಾವಾಗ? ‘ನಾನು ಹೀಗಿರಲಿಲ್ಲ’ ಎಂದು ಬರೆದಿದ್ದೀರಿ. 41ರ ವಯಸ್ಸಿನಲ್ಲಿ ಈ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಥೈರಾಯ್ಡ್, ರಕ್ತಹೀನತೆ, ಬಿಪಿ ಒಮ್ಮೆ ನೋಡಿಸಿ. ಮುಟ್ಟಿನ ಹಿಂದಿನ ವಾರ ಮಾತ್ರ ಈ ಸಿಡುಕು ಜಾಸ್ತಿಯಾ, ಮುಟ್ಟಿನ ದಿನಗಳು ಏರುಪೇರಾಗುತ್ತಿವೆಯಾ ಎಂದು ಎರಡು ತಿಂಗಳು ಗುರುತು ಹಾಕಿಕೊಂಡು ಸ್ತ್ರೀರೋಗ ತಜ್ಞರಿಗೆ ತೋರಿಸಿ. ಮುಟ್ಟು ನಿಲ್ಲುವ ಕಾಲಕ್ಕೆ ಕೆಲವು ವರ್ಷ ಮೊದಲೇ ನಿದ್ದೆ ಕೆಡುವುದು, ಸಿಡುಕು ಬರುವುದು ಸಾಮಾನ್ಯ. ಊಟ ಜಗಿಯುವ ಸದ್ದು, ಮೂಗು ಎಳೆಯುವ ಸದ್ದಿನಂಥ ಸಣ್ಣ ಸದ್ದಿಗೂ ತಡೆಯಲಾಗದ ಕೋಪ ಬರುತ್ತಿದ್ದರೆ ಅದನ್ನು ಮಿಸೊಫೋನಿಯಾ ಎನ್ನುತ್ತಾರೆ. 2001ರಲ್ಲಿ ಆ ಹೆಸರು ಬಂತು. ಅದಕ್ಕೂ ಸಹಾಯ ಇದೆ. ರಾತ್ರಿ ನಿದ್ದೆ ಬಾರದೆ ವಾರಗಳೇ ಆದರೆ, ಭಾನುವಾರ ಸಂಜೆಯೇ ಎದೆ ಹಿಡಿದಂತಾದರೆ, ಮಗಳ ಮೇಲೆ ಕೈ ಎತ್ತಿಬಿಡುತ್ತೇನೇನೋ ಅನ್ನಿಸಿದರೆ, ಬದುಕೇ ಬೇಡ ಅನ್ನಿಸಿದರೆ, ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಆ ಹುಡುಗ. ಹೌದು, ಸಿಕ್ಕರೆ ಕ್ಷಮೆ ಕೇಳಿ. ಅವನು ಸ್ಪೀಕರ್ ಹಾಕಿದ್ದು ಸರಿಯಲ್ಲ, ಅದಕ್ಕೆ ನೀವು ಕ್ಷಮೆ ಕೇಳಬೇಕಾಗಿಲ್ಲ. ನಾಲ್ಕು ಜನರ ಮುಂದೆ ಕಿರುಚಿದ್ದಕ್ಕೆ ಮಾತ್ರ. ‘ಆವತ್ತು ನಿನ್ನ ಮೇಲೆ ಕೂಗಾಡಿದೆ, ಹಾಗೆ ಮಾಡಬಾರದಿತ್ತು. ಸಾರಿ ಕಣಪ್ಪ. ಆದರೆ ಸೌಂಡ್ ಮಾತ್ರ ಕಡಿಮೆ ಇಟ್ಟುಕೋ’ ಎಂದು ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿ, ನಿಮ್ಮ ಸೀಟಿಗೆ ಹೋಗಿ ಕೂತುಕೊಳ್ಳಿ. ಅವನು ತಲೆ ಆಡಿಸಬಹುದು, ಮುಖ ತಿರುಗಿಸಲೂಬಹುದು. ಅದು ಅವನಿಗೆ ಬಿಟ್ಟದ್ದು.